ಹೊಳೆ ಬಂದಾಗ ವಾಕಿಟಾಕಿ: ಕೃಷ್ಣಾ, ತುಂಗಭದ್ರಾ ದಂಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು ಜಿಲ್ಲೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ತೇರು ಎಳೆಯುವಾಗ ಮಿಣಿ ಹಿಡಿದ ಮುಂದಿನವರಿಗೂ ಗಾಲಿಗೆ ಸನ್ನೆ ಹಾಕುವ ಹಿಂದಿನವರಿಗೂ ಮಾತು ಮುಟ್ಟಿಸಲಿಕ್ಕೆ ಒಂದೆರಡು ಜೊತೆ ವಾಕಿಟಾಕಿ ಇಟ್ಟುಕೊಂಡಿದ್ದೇನೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆಂದು ಸುದ್ದಿ ಬಂದ ದಿನ ಅಂಗಡಿಗೆ ಜನ ಬರುತ್ತಾರೆ: "ಅವು ನಮಗೊಂದು ವಾರ ಕೊಡ್ರಿ." ಆಮೇಲೆ ಪ್ರಶ್ನೆ ಶುರು. ವರ್ಷವರ್ಷವೂ ಅವೇ ಪ್ರಶ್ನೆಗಳು, ಅದಕ್ಕೇ ಒಮ್ಮೆ ಬರೆದಿಟ್ಟೆ.

ಎಲ್ಲರ ಕೈಯಾಗೂ ಮೊಬೈಲ್ ಅದ. ಮತ್ತ ಇದ್ಯಾಕ ಬೇಕ್ರಿ?

ಮೊಬೈಲ್ ನಡೆಯುವ ತನಕ ಮೊಬೈಲೇ ಸರಿ. 112ಕ್ಕೆ ಫೋನ್ ಹೋಗುತ್ತಿದ್ದರೆ ವಾಕಿಟಾಕಿ ಹುಡುಕುತ್ತ ಕೂರಬೇಡಿ. ಆದರೆ ನಿಮ್ಮ ಫೋನು ಪಕ್ಕದ ಮನೆಯ ಫೋನಿಗೆ ನೇರವಾಗಿ ಮಾತಾಡುವುದಿಲ್ಲ. ಎರಡೂ ಟವರಿಗೆ ಹೋಗಿ ಬರಬೇಕು. ಟವರಿಗೆ ಕರೆಂಟು ಬೇಕು, ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಮುಗಿದರೆ ಡೀಸೆಲ್. ಡೀಸೆಲ್ ತರುವ ಗಾಡಿ ಬರಬೇಕಾದ ಸೇತುವೆಯೇ ಮುಳುಗಿದ್ದರೆ ಮುಗಿಯಿತು. ಕೇಬಲ್ಲೂ ಎಷ್ಟೋ ಕಡೆ ಅದೇ ಸೇತುವೆಯ ಮಗ್ಗುಲಲ್ಲೇ ಹಾಯ್ದಿರುತ್ತದೆ.

ನಮ್ಮ ಕಡೆ ನೆರೆಯ ರೀತಿಯೇ ಬೇರೆ. ಮಹಾಬಳೇಶ್ವರದ ಕಡೆ ಮಳೆ ಹೊಡೆದರೆ ಇಲ್ಲಿ ಸುಡುಬಿಸಿಲಿನಲ್ಲಿ ಕೃಷ್ಣೆ ಏರುತ್ತಾಳೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿತೆಂದರೆ ಆಚೆಯ ಗಡ್ಡಿಗಳು, ಅಂದರೆ ಹೊಳೆಯ ನಡುಗಡ್ಡೆಗಳು, ಕಡಿದುಹೋದವು ಎಂದೇ ಲೆಕ್ಕ. ರಾಯಚೂರು ತಾಲ್ಲೂಕಿನ ಕುರ್ವಕುಲಾ, ಕುರ್ವಕುರ್ದಾದ ಪಾಡೂ ಅದೇ. ಜನ ದನಕರು, ಆಡುಕುರಿ ಬಿಟ್ಟು ಬರಲು ಒಪ್ಪುವುದಿಲ್ಲ, ಅಲ್ಲೇ ಉಳಿಯುತ್ತಾರೆ. ಕೂಗಳತೆಗಿಂತ ತುಸು ಹೆಚ್ಚು ದೂರ, ನಡುವೆ ಹೊಳೆ. ಆ ಅರ್ಧ, ಒಂದು ಕಿಲೋಮೀಟರ್ ನೀರನ್ನು ದಾಟಿಸಲಿಕ್ಕೆ ಮಾತ್ರ ಈ ಪೆಟ್ಟಿಗೆ. ಬೆಂಗಳೂರಿಗೆ ಮಾತಾಡಲಿಕ್ಕಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟು ಕೊಚ್ಚಿಹೋಯಿತಲ್ಲ, ಆ ರಾತ್ರಿ ನನ್ನ ಫೋನು ಚೆನ್ನಾಗಿಯೇ ನಡೆಯುತ್ತಿತ್ತು. ನಡೆಯುತ್ತಿದ್ದುದೇ ತೊಂದರೆ. ಗ್ರೂಪಿನಲ್ಲಿ ಯಾವುದೋ ಊರಿನ ಹಳೇ ವಿಡಿಯೋ, "ಡ್ಯಾಮೇ ಒಡೀತು" ಅನ್ನುವ ದನಿ. ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡಲಾಗಿ ಇಳಿಸುವ ತಡೆ, ಕೂರಿಸಿ ನೀರು ನಿಲ್ಲಿಸಲು ಒಂದು ವಾರ ಹಿಡಿಯಿತು, ಗಾಳಿಸುದ್ದಿಗೆ ಒಂದು ತಾಸೂ ಬೇಕಾಗಲಿಲ್ಲ. ಆಚೆ ದಡದಲ್ಲಿ ಕೂತ ಗುರುತಿನ ಮನುಷ್ಯ ಕಣ್ಣಾರೆ ಕಂಡದ್ದನ್ನು ತನ್ನ ದನಿಯಲ್ಲಿ ಹೇಳಿದರೆ ಅದರ ತೂಕವೇ ಬೇರೆ.

ಎಷ್ಟು ದೂರ ಕೇಳಸ್ತದ? ಡಬ್ಬಿ ಮ್ಯಾಲೆ ಇಪ್ಪತ್ತು ಕಿಲೋಮೀಟರ್ ಅಂತ ಬರದದ.

ಡಬ್ಬಿ ಮೇಲಿನ ಅಂಕಿ ಒಂದು ಬೆಟ್ಟದ ತುದಿಯಿಂದ ಇನ್ನೊಂದು ಬೆಟ್ಟದ ತುದಿಗೆ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಬಯಲಿನಲ್ಲಿ ಇಬ್ಬರು ಎದೆಯೆತ್ತರಕ್ಕೆ ಸೆಟ್ಟು ಹಿಡಿದು ನಿಂತರೆ, ನಡುವೆ ಏನೇನೂ ಅಡ್ಡವಿಲ್ಲದಿದ್ದರೂ, ಭೂಮಿಯ ಉಬ್ಬೇ ಸುಮಾರು 10 ಕಿಲೋಮೀಟರಿಗೆ ಅಡ್ಡ ಬರುತ್ತದೆ. ಅದೂ ಕಾಗದದ ಮೇಲಿನ ಲೆಕ್ಕ.

ಅರ್ಧ ವ್ಯಾಟಿನ ಸೆಟ್ಟು ಊರೊಳಗೆ, ಗೋಡೆ ಗಿಡಗಳ ನಡುವೆ, ಒಂದು ಕಿಲೋಮೀಟರ್ ಎಳೆದರೆ ದೊಡ್ಡದು. ತೆರೆದ ಹೊಳೆಯ ಮೇಲೆ, ದಂಡೆಯಿಂದ ದಂಡೆಗೆ, ಎರಡು ಮೂರು ಕಿಲೋಮೀಟರ್ ಆರಾಮಾಗಿ ಹೋಗುವುದನ್ನು ಕಂಡಿದ್ದೇನೆ. ನೀರಿನ ಮೇಲೆ ಅಡ್ಡ ಏನಿದೆ? ನಮಗೆ ಬೇಕಾದ್ದೂ ಅದೇ ದಾರಿ.

ಎತ್ತರ ದುಡ್ಡಿಲ್ಲದೆ ಸಿಗುವ ಶಕ್ತಿ. ಒಳಮನೆಯಲ್ಲಿ ಕೇಳದ್ದು ಅಂಗಳದಲ್ಲಿ ಕೇಳುತ್ತದೆ, ಅಂಗಳದಲ್ಲಿ ಕೇಳದ್ದು ಮಾಳಿಗೆ ಮೇಲೆ ಕೇಳುತ್ತದೆ. ತಗಡಿನ ಶೆಡ್ಡಿನೊಳಗೆ ನಿಂತು "ಕೇಳವಲ್ದು" ಅನ್ನಬೇಡಿ, ಹೊರಗೆ ಬನ್ನಿ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ನಿಮ್ಮ ಮೈಯೇ ಅರ್ಧ ನುಂಗುತ್ತದೆ, ಆದ್ದರಿಂದ ಮುಖದ ಎತ್ತರಕ್ಕೆ, ಏರಿಯಲ್ ನೆಟ್ಟಗೆ ಹಿಡಿಯಿರಿ. ಒದ್ದೆ ಜಾಲಿ ಪೊದೆ ಒಣ ಜಾಲಿಗಿಂತ ಹೆಚ್ಚು ತಿನ್ನುತ್ತದೆ.

ಸಿಂಧನೂರು, ಗಂಗಾವತಿಯ ಭತ್ತದ ಬಯಲಿನವರಿಗೆ ಇದು ಸಲೀಸು. ಆನೆಗೊಂದಿ ಕಡೆಯವರಿಗೆ ಹಾಗಲ್ಲ. ಆನೆ ಗಾತ್ರದ ಬಂಡೆಗಳು ಪ್ರತಿಯೊಂದೂ ಒಂದು ನೆರಳು ಹಾಕುತ್ತವೆ, ಆ ನೆರಳಿನಲ್ಲಿ ನಿಂತವನಿಗೆ ನೂರು ಗಜದ ಮಾತೂ ಬರುವುದಿಲ್ಲ, ನಾಲ್ಕು ಹೆಜ್ಜೆ ಸರಿದರೆ ಸ್ಪಷ್ಟವಾಗಿ ಬರುತ್ತದೆ. ಅಂಥಲ್ಲಿ ಎರಡೂ ಕಡೆ ಕಾಣುವ ಗುಡ್ಡದ ಮೇಲೆ ಒಬ್ಬನನ್ನು ನಿಲ್ಲಿಸಿ. ಈಚೆಯಿಂದ ಕೇಳಿದ್ದನ್ನು ಆಚೆಗೆ ಅವನೇ ಮತ್ತೆ ಹೇಳಲಿ. 2019ರ ಆಗಸ್ಟಿನಲ್ಲಿ ವಿರೂಪಾಪುರಗಡ್ಡಿಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದು ಹೆಲಿಕಾಪ್ಟರ್ ಬರಬೇಕಾಯಿತು, ರಕ್ಷಣೆಗೆ ಹೋದ ಬೋಟೇ ಮಗುಚಿತು. ಅಂಥ ಜಾಗದಲ್ಲಿ ಗುಡ್ಡದ ಮೇಲಿನ ಮನುಷ್ಯ ಯಾವ ಮಷೀನಿಗಿಂತಲೂ ಉಪಯೋಗಕ್ಕೆ ಬರುತ್ತಾನೆ.

ಲೈಸೆನ್ಸ್ ಬೇಕೇನು? ಪೊಲೀಸ್ರು ಹಿಡೀತಾರೇನು?

ಬೇಕಾಗದ ಸೆಟ್ಟು ಇದೆ, ಬೇಕಾಗುವ ಸೆಟ್ಟೂ ಇದೆ. ನೋಡಲಿಕ್ಕೆ ಎರಡೂ ಒಂದೇ.

2018ರ ಅಕ್ಟೋಬರಿನ ಕೇಂದ್ರ ಸರ್ಕಾರದ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ, ಅರ್ಧ ವ್ಯಾಟ್ ಮೀರದ ಕೈಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಯುರೋಪಿನಲ್ಲಿ ಪಿಎಂಆರ್ 446 ಅನ್ನುವುದು ಇದನ್ನೇ. ಇದಕ್ಕೂ ಹಳೆಯದು 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡ್, ಅಲ್ಲಿ 5 ವ್ಯಾಟಿನ ತನಕ ಬಿಡುವು ಇದೆ. ಆದರೆ ಅದಕ್ಕೆ ಏರಿಯಲ್ ಉದ್ದ ಬೇಕು, ಕೈಸೆಟ್ಟಿನ ಗಿಡ್ಡ ಏರಿಯಲ್ಲಿಗೆ ಒಗ್ಗುವುದಿಲ್ಲ.

ಲೈಸೆನ್ಸ್ ಬೇಡ ಅಂದರೆ ಬಳಸುವವನಿಗೆ ಬೇಡ. ಆ ಮಾಡೆಲ್ಲಿಗೆ ಮಾತ್ರ ದೂರಸಂಪರ್ಕ ಇಲಾಖೆಯ ಅನುಮೋದನೆ, ಅಂದರೆ ಇಟಿಎ ಸರ್ಟಿಫಿಕೇಟ್, ಇರಲೇಬೇಕು. ಆನ್‌ಲೈನಿನಲ್ಲಿ ವಾಕಿಟಾಕಿ ಮಾರುವವರು ಫ್ರೀಕ್ವೆನ್ಸಿಯನ್ನೂ ಈ ಸರ್ಟಿಫಿಕೇಟಿನ ವಿವರವನ್ನೂ ತೋರಿಸಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದಕ್ಕೂ ಮುಂಚೆ ನಾನು ಕಲಿತದ್ದು ದುಡ್ಡು ಕೊಟ್ಟು: "ಲೈಸೆನ್ಸ್ ಬೇಡ" ಎಂದು ಬರೆದಿದ್ದ ನಾಲ್ಕು ಸೆಟ್ಟು ತರಿಸಿದೆ, ಜಾತ್ರೆಯಲ್ಲಿ ಬಳಸಿದೆ. ರೇಡಿಯೋ ಬಲ್ಲ ಒಬ್ಬರು ಕೈಗೆತ್ತಿಕೊಂಡು ತಿರುವಿ ನೋಡಿ, "ತಮ್ಮಾ, ಇದು ಐದು ವ್ಯಾಟು, ಯಾವ ಫ್ರೀಕ್ವೆನ್ಸಿಯಾಗ ಬೇಕಾದ್ರೂ ಮಾತಾಡ್ತದ, ಒಳಗಿಡು" ಅಂದರು. ಈಗಲೂ ಒಳಗೇ ಇವೆ.

ನಮ್ಮ ಅಳಿಯ ಅಮೆರಿಕದಿಂದ ಒಂದು ಜೋಡಿ ತಂದಾನ. ಅದು ನಡೀತದೇನು?

ಮಷೀನು ನಡೆಯುತ್ತದೆ, ಕಾನೂನು ನಡೆಯುವುದಿಲ್ಲ. ಅಲ್ಲಿ ಸಾಮಾನ್ಯ ಜನ ಬಳಸುವ, ಎಫ್‌ಆರ್‌ಎಸ್ ಎಂಬ ಸೆಟ್ಟುಗಳು 462 ಮತ್ತು 467 ಮೆಗಾಹರ್ಟ್ಸಿನಲ್ಲಿ ಮಾತಾಡುತ್ತವೆ. ಆ ಜಾಗ ಅಲ್ಲಿ ಸಾರ್ವಜನಿಕರದ್ದು, ಇಲ್ಲಿ ಅಲ್ಲ. ನಮ್ಮ 446ರ ಸೆಟ್ಟಿನ ಜೊತೆ ಅದು ಮಾತಾಡುವುದೂ ಇಲ್ಲ. ಎರಡರ ಮೇಲೂ "ಚಾನೆಲ್ 3" ಎಂದಿರುತ್ತದೆ, ಆದರೆ ಒಂದರ ಮೂರು ಇನ್ನೊಂದರ ಮೂರಲ್ಲ. ಅಳಿಯನಿಗೆ ಬೇಜಾರಾಗದಂತೆ ಹೇಳಿ.

ಐದು ವ್ಯಾಟಿನ ಸೆಟ್ಟು ಸಸ್ತಾ ಸಿಗ್ತದ. ಜೀವ ಹೋಗೋ ಹೊತ್ತಿನಾಗ ಕಾನೂನು ಯಾರು ಕೇಳ್ತಾರ?

ಜೀವ ಹೋಗುವ ಹೊತ್ತಿನ ಮಾತು ಬೇರೆ. ಆದರೆ ನೀವು ಕೊಳ್ಳುವುದು ಜೂನ್ ತಿಂಗಳಲ್ಲಿ, ಕಲಿಯಬೇಕಾದ್ದು ಜುಲೈಯಲ್ಲಿ. ಬಚ್ಚಿಟ್ಟು ಅಭ್ಯಾಸವಿಲ್ಲದ ಸೆಟ್ಟು ನೆರೆ ಬಂದ ರಾತ್ರಿ ಕೈಗೆ ಬಂದರೆ ಯಾವ ಗುಂಡಿ ಒತ್ತುವುದು ಎಂದೇ ತಿಳಿಯುವುದಿಲ್ಲ. ಅದೂ ಅಲ್ಲದೆ ಚೀನಾದ ಬಾವೋಫೆಂಗ್ ಕಂಪನಿಯ ತರಹದ ಸೆಟ್ಟು ಬಹಳಷ್ಟು ಫ್ರೀಕ್ವೆನ್ಸಿಗಳಲ್ಲಿ ಮಾತಾಡಬಲ್ಲದು. ಗೊತ್ತಿಲ್ಲದೆ ತಿರುಗಿಸಿದ ನಂಬರು ಇನ್ನೊಬ್ಬರ ಕೆಲಸದ ಚಾನೆಲ್ ಆಗಿರಬಹುದು, ಆ ಇನ್ನೊಬ್ಬರು ನಿಮ್ಮನ್ನೇ ಹುಡುಕುತ್ತಿರುವ ರಕ್ಷಣಾ ತಂಡದವರೂ ಆಗಿರಬಹುದು.

ನಿಜಕ್ಕೂ ಆಸೆ ಇದ್ದರೆ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರ ಲೈಸೆನ್ಸ್, ತೆಗೆದುಕೊಳ್ಳಿ. 12 ವರ್ಷ ತುಂಬಿದವರು ಯಾರೂ ಪರೀಕ್ಷೆಗೆ ಕೂರಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಕಲಿಯಬೇಕಾಗಿಲ್ಲ, ಕರೆಸಂಕೇತ ವಿಯು3 ಎಂದು ಶುರುವಾಗುತ್ತದೆ. ಹ್ಯಾಮ್‌ಗಳ ದೊಡ್ಡ ಸೆಟ್ಟು ಟವರಿಲ್ಲದೆ ನೂರಾರು ಕಿಲೋಮೀಟರ್ ಹೋಗುತ್ತದೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಹ್ಯಾಮ್ ರೇಡಿಯೋದ ಭಾರತಿ ಪ್ರಸಾದ್ ಅವರ ತಂಡ ಅದಕ್ಕೆ ಮೊದಲೇ ಅಂಡಮಾನಿಗೆ ಹೋಗಿತ್ತು. ಅಲ್ಲಿಂದ ಹೊರಗಿನ ಲೋಕಕ್ಕೆ ಸುದ್ದಿ ಮುಟ್ಟಿಸಿದವರಲ್ಲಿ ಅವರು ಮುಖ್ಯರು. ತಾಲ್ಲೂಕಿಗೊಬ್ಬ ಹ್ಯಾಮ್, ಗಡ್ಡಿಗೊಂದು ಜೋಡಿ ಅರ್ಧ ವ್ಯಾಟಿನ ಸೆಟ್ಟು: ನನ್ನನ್ನು ಕೇಳಿದರೆ ಇಷ್ಟು ಸಾಕು.

ಕೊಳ್ಳುವಾಗ ಏನು ನೋಡಬೇಕು?

ಇಟಿಎ, 446 ಎಂಬ ಅಂಕಿ, ಯುಎಸ್‌ಬಿಯಿಂದ ಚಾರ್ಜ್ ಆಗುವ ಸೌಲಭ್ಯ. ನೀರು ತಡೆಯುವುದಾದರೆ ಐಪಿ 67 ಎಂದಿರಲಿ. ಎಫ್‌ಎಂ ಕೇಳಿಸಿದರೆ ಒಳ್ಳೆಯದು, ಟವರ್ ಹೋದಾಗಲೂ ಆಕಾಶವಾಣಿ ಇರುತ್ತದೆ. ಬಣ್ಣದ ಪರದೆ, 128 ಚಾನೆಲ್ ಇವಕ್ಕೆಲ್ಲ ದುಡ್ಡು ಕೊಡಬೇಡಿ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ವಯಸ್ಸಾದವರೂ ಹುಡುಕಬಲ್ಲ ದೊಡ್ಡ ಗುಂಡಿ ಇದ್ದರೆ ಅದೇ ಒಳ್ಳೆಯ ಸೆಟ್ಟು. ಎಲ್ಲವೂ ಒಂದೇ ಮಾಡೆಲ್ ಇರಲಿ, ಒಬ್ಬರಿಗೆ ಕಲಿಸಿದ್ದು ಎಲ್ಲರಿಗೂ ಬರುತ್ತದೆ.

ಎಷ್ಟು ಬೇಕು? ಯಾರ ಕೈಯಾಗ ಇರಬೇಕು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕಾದ್ದು ಇದೇ.

ಒಂದು ವರ್ಷ ಹೊಳೆ ಬರುವ ಹಿಂದಿನ ಸಂಜೆ ಒಂದು ಊರಿನ ಹುಡುಗರು ನನ್ನಿಂದ ಎರಡು ಸೆಟ್ಟು ಒಯ್ದರು. ನಾಲ್ಕು ದಿನ ಆದ ಮೇಲೆ ತಂದರು. ಹೆಂಗಾಯ್ತು ಅಂದರೆ, "ಅಣ್ಣಾ, ಎರಡೂ ಗಡ್ಡಿಯಾಗೇ ಉಳದ್ವು." ಸೇತುವೆ ಮುಳುಗುವ ಗಡಿಬಿಡಿಯಲ್ಲಿ ಒಂದನ್ನು ಈಚೆ ದಂಡೆಯಲ್ಲಿ ಬಿಡಬೇಕು ಅನ್ನುವುದನ್ನೇ ಮರೆತಿದ್ದರು. ಒಂದೇ ಓಣಿಯಲ್ಲಿ ಎರಡು ಸೆಟ್ಟು, ಪರಸ್ಪರ "ಊಟ ಆಯ್ತೇನು" ಎಂದು ಕೇಳಿಕೊಂಡು ಕೂತಿದ್ದರಂತೆ.

ಆದ್ದರಿಂದ ಮೊದಲ ಸೆಟ್ಟು ಈಚೆ ದಂಡೆಗೆ. ಅದು ಜೂನ್ ತಿಂಗಳಲ್ಲೇ ಅಲ್ಲಿ ಹೋಗಿ ಕೂರಬೇಕು. ಯಾರ ಮನೆಗೆ? ರಾತ್ರಿ ಎಬ್ಬಿಸಿದರೆ ಏಳುವವರ ಮನೆಗೆ, ಹೊಳೆಗೆ ಹತ್ತಿರದ, ಆದರೆ ನೀರು ಮುಟ್ಟದ ಮನೆಗೆ. ಅದು ಯಾರ ಮನೆ ಎಂದು ಪಂಚಾಯಿತಿಯ ಪಿಡಿಒ ಅವರಿಗೂ ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತಿರಲಿ. ಎರಡನೆಯದು ಗಡ್ಡಿಯಲ್ಲಿ. ಮೂರನೆಯದು ಸಿಕ್ಕರೆ ಬೋಟು ನಡೆಸುವವರ ಕೈಗೆ ಹೊಳೆಯ ಬಾಯಲ್ಲೇ ಕೊಟ್ಟು, ಗುಂಡಿ ತೋರಿಸಿ ಕಳಿಸಿ. ಅವರಿಗೆ ತಮ್ಮ ಇಲಾಖೆಯ ವೈರ್‌ಲೆಸ್ ಇರುತ್ತದೆ, ನಿಮ್ಮ ಊರಿನವರ ದನಿ ಇರುವುದಿಲ್ಲ. ಎಲ್ಲಿ ಸುಳಿ, ಎಲ್ಲಿ ಮುಳುಗಿದ ಪಂಪ್‌ಸೆಟ್ಟಿನ ಕಂಬ ಎಂದು ಹೇಳಬಲ್ಲವರು ಊರಿನವರೇ.

ಸೆಟ್ಟಿಗೆ ಮನುಷ್ಯರ ಹೆಸರಿಡಬೇಡಿ, ಜಾಗದ ಹೆಸರಿಡಿ, ಕೂತವರು ಬದಲಾದರೂ ಹೆಸರು ಬದಲಾಗಬಾರದು. ಮೊದಲು ನಾನು "ಗಡ್ಡಿ" ಮತ್ತು "ದಂಡಿ" ಎಂದಿಟ್ಟಿದ್ದೆ. ಪ್ರಾಸ ಚೆನ್ನಾಗಿತ್ತು. ರೇಡಿಯೋದ ಕರಕರದಲ್ಲಿ ಎರಡೂ ಒಂದೇ ಕೇಳಿ, ಕರೆದವರು ಯಾರು ಕರೆಸಿಕೊಂಡವರು ಯಾರು ಎಂದೇ ತಿಳಿಯಲಿಲ್ಲ. ಈಗ "ಗಡ್ಡಿ" ಮತ್ತು "ಹನುಮಪ್ಪ", ಈಚೆ ದಂಡೆಯಲ್ಲಿ ಹನುಮಪ್ಪನ ಗುಡಿ ಇರುವುದರಿಂದ.

ಬ್ಯಾಟರಿ ಎಷ್ಟು ದಿನ ಬರ್ತದ? ಹೊಳಿ ಎಂಟು ದಿನ ಇಳಿಯಂಗಿಲ್ಲ.

ಸದಾ ಚಾಲೂ ಇಟ್ಟರೆ ಸಾಧಾರಣ ಸೆಟ್ಟು ಹತ್ತು ಹನ್ನೆರಡು ತಾಸು. ಅದನ್ನೇ ತಾಸಿಗೆ ಐದು ನಿಮಿಷ ಮಾತ್ರ ತೆರೆದರೆ ಇಡೀ ದಿನಕ್ಕೆ ಎರಡೇ ತಾಸಿನ ಖರ್ಚು, ಹಾಗಾಗಿ ನಾಲ್ಕೈದು ದಿನ ಬರುತ್ತದೆ. ಗಡಿಯಾರದ ಮುಳ್ಳು ಹನ್ನೆರಡರ ಮೇಲೆ ಬಂದಾಗ ಇಬ್ಬರೂ ತೆರೆಯಬೇಕು ಎಂದು ಮೊದಲೇ ಮಾತಾಗಿರಲಿ.

ಇದರಲ್ಲೊಂದು ಉಪಾಯ ಇದೆ. ಈಚೆ ದಂಡೆಗೆ ಕರೆಂಟು ಬೇಗ ಬರುತ್ತದೆ, ಅಂಗಡಿ ಇದೆ, ಗಾಡಿ ಇದೆ. ಆದ್ದರಿಂದ ಹನುಮಪ್ಪ ಹಗಲು ರಾತ್ರಿ ಚಾಲೂ ಇರಲಿ, ಗಡ್ಡಿ ಮಾತ್ರ ತಾಸಿಗೊಮ್ಮೆ ತೆರೆಯಲಿ. ಗಡ್ಡಿಯವರಿಗೆ ಹಾವು ಕಚ್ಚಿತು, ಬಸುರಿಗೆ ನೋವು ಬಂತು ಅಂದರೆ ಅವರು ಯಾವ ಹೊತ್ತಿಗೆ ತೆರೆದು ಕೂಗಿದರೂ ಆಚೆ ಕಿವಿ ಇರುತ್ತದೆ. ಉಳಿದದ್ದು ಹನುಮಪ್ಪನೇ ಅವಸರದಲ್ಲಿ ಗಡ್ಡಿಯನ್ನು ಕರೆಯಬೇಕಾದಾಗ, ಅಂದರೆ ಡ್ಯಾಮಿನವರು ನೀರು ಹೆಚ್ಚಿಸಿದರೆಂದು ತಿಳಿದಾಗ. ಅದಕ್ಕೆ ಟಾರ್ಚು ಇದೆ, ಟ್ರ್ಯಾಕ್ಟರ್ ಹಾರ್ನ್ ಇದೆ: ಮೂರು ಉದ್ದ ಹಾರ್ನ್ ಕೇಳಿದರೆ ಸೆಟ್ಟು ತೆರೆಯಿರಿ ಎಂದರ್ಥ.

ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿಗೆ ಕಾರಿನ ಮೊಬೈಲ್ ಚಾರ್ಜರ್ ಜೋಡಿಸುವ ಕ್ಲಿಪ್ಪು ಇಟ್ಟುಕೊಳ್ಳಿ. ವಾರಗಟ್ಟಲೆ ಸೆಟ್ಟುಗಳನ್ನು ತುಂಬಿಸಬಹುದು.

ಮಾತಾಡೋದು ಹೆಂಗ?

ಗುಂಡಿ ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತು. ಒತ್ತಿದ ಕೂಡಲೇ ಶುರು ಮಾಡಿದರೆ ಮೊದಲ ಪದ ನುಂಗಿಹೋಗುತ್ತದೆ. "ಬರಬ್ಯಾಡ್ರಿ, ನೀರು ಏರ್ಯದ" ಎಂದು ಹೇಳಿದವರದು ಆಚೆ ಬರೀ "ನೀರು ಏರ್ಯದ" ಎಂದು ಕೇಳಿದರೆ ಏನಾಗಬಹುದು ನೋಡಿ. ನೀವು ಒತ್ತಿರುವ ತನಕ ಎದುರಿನವರು ಏನು ಕೂಗಿದರೂ ನಿಮಗೆ ಕೇಳುವುದಿಲ್ಲ, ಇದು ಫೋನಲ್ಲ. ಬಾಯಿಗೆ ಅಂಟಿಸಿಕೊಂಡು ಚೀರಬೇಡಿ, ಮೈಕಿನವನ ಮಾತು ಕೇಳಿ: ನಾಲ್ಕು ಬೆರಳು ದೂರ, ಸಾದಾ ದನಿ.

"ಹನುಮಪ್ಪ, ಹನುಮಪ್ಪ, ಗಡ್ಡಿ ಮಾತಾಡಾದು. ಓವರ್."
"ಗಡ್ಡಿ, ಹೇಳ್ರಿ. ಓವರ್."
"ಒಬ್ಬಾಕಿಗೆ ಹಾವು ಕಚ್ಯದ. ಬಲಗಾಲು. ಅರ್ಧ ತಾಸಾತು. ಬೋಟು ಬೇಕು. ಶಾಲಿ ಕಡೆ ದಂಡಿಗೆ ತರ್ತೀವಿ. ಓವರ್."
"ಒಬ್ಬಾಕಿ, ಹಾವು, ಅರ್ಧ ತಾಸು, ಶಾಲಿ ಕಡೆ. ಬರೋಬ್ಬರಿ ಏನು? ಓವರ್."

ಕೊನೆಯ ಸಾಲನ್ನು ಬಿಡಬೇಡಿ. ಕೇಳಿದ್ದನ್ನು ತಿರುಗಿ ಹೇಳಿದರೆ ಮಾತ್ರ ಕೇಳಿದಂತೆ. ಸಂಖ್ಯೆಯನ್ನು ಎರಡು ಸಲ ಹೇಳಿ: "ಅರವತ್ತು ಸಾವಿರ, ಆರು ಸೊನ್ನೆ." ಅರವತ್ತು, ಎಪ್ಪತ್ತು, ಎಂಬತ್ತು ಕರಕರದಲ್ಲಿ ಅಕ್ಕತಂಗಿಯರಿದ್ದ ಹಾಗೆ. ಕ್ಯೂಸೆಕ್ಸಿನ ಲೆಕ್ಕದಲ್ಲಿ ಆ ವ್ಯತ್ಯಾಸಕ್ಕೆ ಸೇತುವೆಯೇ ಮುಳುಗುತ್ತದೆ.

ಅವರ ಮಾತು ನಮಗ ಕೇಳಸ್ತದ, ನಮ್ಮ ಮಾತು ಅವರಿಗೆ ಕೇಳಸವಲ್ದು. ಸೆಟ್ಟು ಕೆಟ್ಟದೇನು?

ಬಹಳ ಸಲ ಕೆಟ್ಟಿರುವುದಿಲ್ಲ. ಅವರ ಸೆಟ್ಟಿನಲ್ಲಿ ಯಾರೋ "ಪ್ರೈವಸಿ ಕೋಡ್" ಒತ್ತಿರುತ್ತಾರೆ. ಅದು ಮಾತಿನ ಜೊತೆ ಹೋಗುವ ಸಣ್ಣ ಗುಂಯ್ ನಾದ, ಆ ನಾದ ಇಲ್ಲದ ಮಾತಿಗೆ ಅವರ ಸೆಟ್ಟು ಬಾಗಿಲು ತೆರೆಯುವುದಿಲ್ಲ. ನಿಮ್ಮದರಲ್ಲಿ ಕೋಡ್ ಇಲ್ಲವಾದ್ದರಿಂದ ನಿಮಗೆ ಎಲ್ಲರದೂ ಕೇಳುತ್ತದೆ. ಎರಡರಲ್ಲೂ ಕೋಡ್ ತೆಗೆದು ಸೊನ್ನೆಗೆ ಇಡಿ. ಹೆಸರು ಪ್ರೈವಸಿಯಾದರೂ ಅದರಿಂದ ಗುಟ್ಟೇನೂ ಉಳಿಯುವುದಿಲ್ಲ, ಬೇರೆಯವರಿಗೆ ಎಲ್ಲ ಕೇಳುತ್ತಲೇ ಇರುತ್ತದೆ. ಆದ್ದರಿಂದ ಯಾರ ಮನೆ ಖಾಲಿ ಇದೆ, ಬಂಗಾರ ಎಲ್ಲಿಟ್ಟಿದ್ದಾರೆ ಎಂದು ಗಾಳಿಯಲ್ಲಿ ಹೇಳಬೇಡಿ.

ಇನ್ನೊಂದು ರೋಗ: ಇಡೀ ಚಾನೆಲ್ಲೇ ಸುಮ್ಮನಾಗುವುದು. ಯಾರದೋ ಸೆಟ್ಟು ಚೀಲದಲ್ಲಿ ಗುಂಡಿ ಒತ್ತಿಕೊಂಡು ಬಿದ್ದಿರುತ್ತದೆ. ಅದಕ್ಕೇ ಎರಡನೆಯ ಚಾನೆಲ್ ಒಂದನ್ನು ಮೊದಲೇ ಗೊತ್ತು ಮಾಡಿಟ್ಟು, ಸೆಟ್ಟಿನ ಬೆನ್ನಿಗೆ ಪಟ್ಟಿ ಅಂಟಿಸಿ ಬರೆಯಿರಿ.

ಇದರಿಂದ ಪೊಲೀಸ್‌, ಫೈರ್‌ನವರಿಗೆ ನೇರ ಮಾತಾಡಬಹುದಾ?

ಇಲ್ಲ. ಅವರ ಚಾನೆಲ್ ಅವರದ್ದು. ಈಚೆ ದಂಡೆಯವರು ನಿಮ್ಮ ಮಾತು ಕೇಳಿ 112ಕ್ಕೋ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೋ ಫೋನ್ ಮಾಡುತ್ತಾರೆ. ಅದಕ್ಕೇ ಈಚೆಯವರು ಫೋನ್ ಸಿಗ್ನಲ್ ಬರುವ ಜಾಗದಲ್ಲಿರಬೇಕು.

ನೀರಿಗೆ ಬಿದ್ದರೆ?

ಐಪಿ 67 ಇದ್ದರೆ ಒರೆಸಿ ಬಳಸಿ. ಇಲ್ಲದಿದ್ದರೆ ಮೊದಲೇ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಕಟ್ಟಿ, ಚೀಲದ ಮೇಲಿಂದಲೇ ಒತ್ತಿ ಮಾತಾಡಬಹುದು. ಬಿದ್ದ ಸೆಟ್ಟು ತೆಗೆಯಲು ಹೊಳೆಗೆ ಇಳಿಯಬೇಡಿ. ಸಿಗ್ನಲ್ ಹುಡುಕುತ್ತ ಮುಳುಗಿದ ಸೇತುವೆ ಮೇಲೂ ಹೋಗಬೇಡಿ. 2019ರಲ್ಲಿ ದೇವದುರ್ಗದ ಹಿರೇರಾಯನಕುಂಪಿ ಹತ್ತಿರ ನೀರು ಹರಿಯುವ ಸೇತುವೆ ಮೇಲೆ ಆಂಬುಲೆನ್ಸಿನ ಮುಂದೆ ಓಡಿ ದಾರಿ ತೋರಿಸಿದ ಹುಡುಗನಿಗೆ ಶೌರ್ಯ ಪ್ರಶಸ್ತಿ ಬಂತು, ಸರಿಯೇ. ಆ ವಿಡಿಯೋ ನೋಡಿದಾಗಲೆಲ್ಲ ನನಗೆ ಹೆಮ್ಮೆಗಿಂತ ಮೊದಲು ಎದೆ ಝಲ್ಲೆನ್ನುತ್ತದೆ.

ಗುಡುಗು ಇದ್ದಾಗ ಮಾಳಿಗಿ ಮ್ಯಾಲೆ ನಿಂತು ಮಾತಾಡಬಹುದಾ?

ಬೇಡ. ಕೆಳಗಿಳಿಯಿರಿ, ಮುಂದಿನ ತಾಸಿಗೆ ಮಾತಾಡಿ.

ಹೊಳಿ ಇಳಿದ ಮ್ಯಾಲೆ ಸೆಟ್ಟು ಎಲ್ಲಿ ಇಡಬೇಕು?

ಟ್ರಂಕಿನಲ್ಲಿ ಬೀಗ ಹಾಕಿ ಇಡಬೇಡಿ. ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದರೆ ಸಾಯುತ್ತದೆ, ಅರ್ಧ ತುಂಬಿಸಿ ಇಡಿ. ಒಣ ಸೆಲ್ಲಿನದಾದರೆ ಸೆಲ್ಲು ತೆಗೆದಿಡಿ, ಸೋರಿ ಪಟ್ಟಿ ತಿನ್ನುತ್ತದೆ. ಅದಕ್ಕಿಂತ ಒಳ್ಳೆಯದು ಬಳಸುವುದು: ಹೊಲದ ಪಂಪ್‌ಸೆಟ್ಟಿಗೂ ಮನೆಗೂ, ಕುರಿ ಕಾಯುವವರಿಗೂ ಹಟ್ಟಿಗೂ, ಜಾತ್ರೆಗೆ. ಹುಡುಗರು ಆಟಕ್ಕೆ ಕೇಳಿದರೆ ಕೊಡಿ. ನಮ್ಮ ಕಡೆ ಒಂದು ಗಡ್ಡಿಯಲ್ಲಿ ಈಗ "ಓವರ್" ಎಂದು ಸರಿಯಾಗಿ ಹೇಳುವವರು ಆರನೇ ಕ್ಲಾಸಿನ ಹುಡುಗಿಯರು, ಹಿರಿಯರಿಗೆ ಕಲಿಸಿದವರೂ ಅವರೇ. ಜೂನ್ ಬಂದಾಗ ಮಾತ್ರ ಹನುಮಪ್ಪನ ಸೆಟ್ಟು ಅವರ ಕೈಯಿಂದ ಇಸಿದುಕೊಂಡು ಈಚೆ ದಂಡೆಗೆ ತಂದಿಡಬೇಕು.